ಗೂಟ ಇಳಿಯದ ನೆಲ, ನಿಲ್ಲದ ಗಾಳಿ: ಕಾರಿನಲ್ಲಿ ಹೋಗುವವರಿಗೆ ಯಾವ ಟೆಂಟ್?

ಟೆಂಟ್ ಕೊಳ್ಳಲು ಹೊರಟವರಿಗೆ ಅಂಗಡಿಯವರು ಮೊದಲು ಹೇಳುವುದು ಅದರ ತೂಕ, ಆಮೇಲೆ ಹೇಳುವುದು ನೀರು ತಡೆಯುವ ಸಂಖ್ಯೆ. ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತುವವರಿಗೆ ತೂಕ ಮುಖ್ಯ, ಒಪ್ಪುತ್ತೇನೆ. ಆದರೆ ಶನಿವಾರ ಮಧ್ಯಾಹ್ನ ಡಿಕ್ಕಿಗೆ ಸಾಮಾನು ತುಂಬಿಕೊಂಡು ಹೊರಟು ಭಾನುವಾರ ಸಂಜೆ ಮನೆಗೆ ಮರಳುವ ನಮ್ಮಂಥವರಿಗೆ ಎರಡು ಕಿಲೋ ಹೆಚ್ಚಾದರೇನು, ಐದು ಕಿಲೋ ಹೆಚ್ಚಾದರೇನು? ಹೊರುವುದು ಕಾರು. ದಾವಣಗೆರೆ, ಚಿತ್ರದುರ್ಗದ ಸುತ್ತಮುತ್ತ ಟೆಂಟ್ ಹಾಕುವವರು ಕೇಳಬೇಕಾದ ಪ್ರಶ್ನೆಗಳೇ ಬೇರೆ. ಗೂಟ ಇಳಿಯದ ನೆಲದ ಮೇಲೆ ಇದು ನಿಲ್ಲುತ್ತದೆಯೇ? ನಡುರಾತ್ರಿ ಗಾಳಿ ಎದ್ದರೆ ಬೆಳಗಿನವರೆಗೂ ನಿಂತಿರುತ್ತದೆಯೇ?

ನಾವು ದಾವಣಗೆರೆಯವರು. ಹೋಗುವುದು ನಾನು, ನನ್ನ ಹೆಂಡತಿ, ಪ್ರಾಥಮಿಕ ಶಾಲೆಯಲ್ಲಿರುವ ಮಗಳು. ಮನಸ್ಸಾದಾಗ ಅಪ್ಪನೂ ಬರುತ್ತಾರೆ. ನಮ್ಮದು ಛಾವಣಿಯ ಮೇಲೆ ಕಂಬಿಗಳಿರುವ ಏಳು ಆಸನಗಳ ಕಾರು. ತಂಗುವುದು ಹೆಚ್ಚಾಗಿ ಪರಿಚಯದವರ ಜಮೀನಿನಲ್ಲಿ: ಚನ್ನಗಿರಿ ಕಡೆಯ ಅಡಿಕೆ ತೋಟ, ಸೂಳೆಕೆರೆಗೆ ಹತ್ತಿರದ ಹೊಲ, ಹೊಸದುರ್ಗ ತಾಲ್ಲೂಕಿನಲ್ಲಿ ಹೆಂಡತಿಯ ಸೋದರಮಾವನ ದಾಳಿಂಬೆ ತೋಟ, ಚಿತ್ರದುರ್ಗದ ಹೊರಗೆ ಬಂಡೆಗಳ ನಡುವೆ ಗೆಳೆಯರೊಬ್ಬರ ಖುಷ್ಕಿ ಜಮೀನು. ಜೋಗಿಮಟ್ಟಿಯಲ್ಲಾಗಲಿ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕಾಡಿನಲ್ಲಾಗಲಿ ನಮ್ಮಿಷ್ಟದಂತೆ ಟೆಂಟ್ ಹಾಕುವಂತಿಲ್ಲ. ಎರಡೂ ವನ್ಯಧಾಮಗಳು, ಅರಣ್ಯ ಇಲಾಖೆಯ ಅನುಮತಿ ಬೇಕು, ಕರಡಿ ಚಿರತೆಗಳ ಓಡಾಟವೂ ಇದೆ. ಕೋಟೆ ಮತ್ತು ಚಂದ್ರವಳ್ಳಿ ಸಂರಕ್ಷಿತ ತಾಣಗಳು, ಅಲ್ಲಿ ರಾತ್ರಿ ತಂಗುವ ಯೋಚನೆಯೇ ಬೇಡ. ಜಮೀನಿನ ಯಜಮಾನರನ್ನು ಕೇಳಿ, ಹಗಲಿನಲ್ಲೇ ಹೋಗಿ, ಜಾಗ ನೋಡಿ ಟೆಂಟ್ ಹಾಕುವುದೇ ಸರಿಯಾದ ಕ್ರಮ.

ಕೆಲವು ವರ್ಷಗಳಲ್ಲಿ ಕೊಂಡದ್ದು, ಬಾಡಿಗೆಗೆ ತಂದದ್ದು, ಗೆಳೆಯರಿಂದ ಪಡೆದದ್ದು ಸೇರಿ ಐದು ಬಗೆಯ ಟೆಂಟ್‌ಗಳಲ್ಲಿ ಮಲಗಿದ್ದೇವೆ. ತಯಾರಕರ ಹೆಸರು ಬರೆಯುವುದಿಲ್ಲ. ಆಕಾರ ಒಂದೇ ಆಗಿದ್ದರೆ ಯಾರು ಹೊಲಿದರೂ ಟೆಂಟ್ ಗಾಳಿಗೆ ವರ್ತಿಸುವ ರೀತಿ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಆಕಾರವನ್ನು ಆರಿಸಿಕೊಳ್ಳುವುದು ಮೊದಲ ಕೆಲಸ.

ಮೊದಲು ನೆಲ

ಟೆಂಟ್‌ಗಳನ್ನು ಹೋಲಿಸುವ ಮುನ್ನ ನೆಲದ ಬಗ್ಗೆ ಮಾತಾಡಲೇಬೇಕು. ಈ ಎರಡು ಜಿಲ್ಲೆಗಳಲ್ಲಿ ನೆಲ ಹತ್ತು ಮೈಲಿಗೊಮ್ಮೆ ಬದಲಾಗುತ್ತದೆ. ಅಡಿಕೆ ತೋಟದಲ್ಲಿ ಅಚ್ಚುಕಟ್ಟಾಗಿ ನಿಂತ ಟೆಂಟ್ ದುರ್ಗದ ಬಂಡೆಯ ಮೇಲೆ ನಿಲ್ಲಲು ನಿರಾಕರಿಸುತ್ತದೆ.

ಚಿತ್ರದುರ್ಗದ ಬಂಡೆಗಳ ನಡುವೆ ಮಣ್ಣಿನ ಪದರ ಎಷ್ಟೋ ಕಡೆ ಕೆಲವೇ ಅಂಗುಲ. ಟೆಂಟ್‌ನ ಚೀಲದಲ್ಲಿ ಬರುವ ತೆಳ್ಳನೆಯ ಗೂಟ ಅರ್ಧ ಇಳಿದು, ಕಲ್ಲಿಗೆ ತಾಗಿ, ಎರಡನೆಯ ಪೆಟ್ಟಿಗೆ ಬಾಗುತ್ತದೆ. ಗರಸು ನೆಲದಲ್ಲಿ ಕಬ್ಬಿಣದ ಗೂಟವಾದರೆ ಇಳಿಯುತ್ತದೆ. ಆದರೆ ಬೇಸಿಗೆಯಲ್ಲಿ ಮೊದಲು ಹಾರೆಯಿಂದ ಕುಳಿ ಮಾಡಿಕೊಳ್ಳಬೇಕು. ಎರೆ ನೆಲದ್ದು ಇನ್ನೊಂದು ಸ್ವಭಾವ. ಬೇಸಿಗೆಯಲ್ಲಿ ಅದು ಬಿರುಕು ಬಿಟ್ಟಿರುತ್ತದೆ, ಗೂಟ ಬಿರುಕಿಗೆ ಸಿಕ್ಕಿ ಸಡಿಲವಾಗುತ್ತದೆ. ಮಳೆ ಬಿದ್ದ ಮೇಲೆ ಬೆಣ್ಣೆಯೊಳಗೆ ಇಳಿದಂತೆ ಇಳಿಯುತ್ತದೆ, ಗಾಳಿ ಜಗ್ಗಿದರೆ ಅಷ್ಟೇ ಸಲೀಸಾಗಿ ಕಿತ್ತು ಬರುತ್ತದೆ. ಮಳೆಗಾಲದಲ್ಲಿ ಎರೆ ಹೊಲಕ್ಕೆ ಕಾರನ್ನಂತೂ ಇಳಿಸಲೇಬಾರದು. ಚಕ್ರಕ್ಕೆ ಮೆತ್ತಿಕೊಂಡ ಮಣ್ಣು ಬಿಡುವುದಿಲ್ಲ. ಟ್ರ್ಯಾಕ್ಟರ್ ಬರುವವರೆಗೆ ಅಲ್ಲೇ ಇರಬೇಕಾಗುತ್ತದೆ.

ಅಡಿಕೆ ತೋಟದ ನೆಲ ಮೆತ್ತಗಿರುತ್ತದೆ, ಗೂಟ ಹಿಡಿಯುತ್ತದೆ, ಸುತ್ತಲಿನ ಮರಗಳು ಗಾಳಿಯನ್ನು ತಡೆಯುತ್ತವೆ. ಟೆಂಟ್ ಮಟ್ಟಿಗೆ ಅದು ಸ್ವರ್ಗ, ಸೊಳ್ಳೆಗಳನ್ನು ಬಿಟ್ಟರೆ. ಮೇಲಿನಿಂದ ಬೀಳುವ ಸೋಗೆಯ ಮೇಲೆ ಕಣ್ಣಿರಲಿ. ಹೊಸದುರ್ಗ, ಹಿರಿಯೂರು ಕಡೆ ತೆಂಗಿನ ತೋಟದಲ್ಲಿ ಇಳಿದುಕೊಂಡರೆ ಮರದ ಬುಡದಿಂದ ದೂರವಿರಬೇಕು. ಒಣಗರಿಯೂ ಕಾಯಿಯೂ ಬೀಳುವ ಮುನ್ನ ಹೇಳಿ ಬೀಳುವುದಿಲ್ಲ.

ನೀರಿನ ಅಂಚಿನ ಬಗ್ಗೆ ಒಂದು ಮಾತು. ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ, ಊರವರ ಬಾಯಲ್ಲಿ ಮಾರಿಕಣಿವೆ, 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಒಂದೆರಡು ತಲೆಮಾರು ಒಣನೆಲವೆಂದು ಓಡಾಡಿದ್ದ ಹಿನ್ನೀರಿನ ಅಂಚು ಆ ವರ್ಷ ನೀರಿನಡಿ ಹೋಯಿತು. ಕೆರೆಯಂಗಳ ಸಮತಟ್ಟಾಗಿದೆ, ನೋಟ ಚೆನ್ನಾಗಿದೆ ಎಂದು ಅಲ್ಲಿ ಟೆಂಟ್ ಹಾಕುವವರು ಹಳೆಯ ನೀರಿನ ಗುರುತು ಎಲ್ಲಿದೆ ಎಂದು ಹುಡುಕಿ, ಅದಕ್ಕಿಂತ ಮೇಲೆ ಜಾಗ ಹಿಡಿಯಬೇಕು. ಹಳ್ಳದ ಮರಳಿನ ಮೇಲಂತೂ ಮಲಗಲೇಬಾರದು. ಮಳೆ ಎಲ್ಲೋ ಮೇಲೆ ಬಿದ್ದಿರುತ್ತದೆ, ನೀರು ಇಲ್ಲಿಗೆ ಬರುತ್ತದೆ.

ಇಷ್ಟೆಲ್ಲ ಹೇಳಿದ್ದು ಒಂದೇ ಕಾರಣಕ್ಕೆ. ಟೆಂಟ್‌ಗಳಲ್ಲಿ ಎರಡು ಜಾತಿ. ಒಂದು, ಕೋಲು ಸಿಕ್ಕಿಸಿದ ಕೂಡಲೇ ತಾನಾಗಿ ನಿಲ್ಲುವಂಥದ್ದು. ಗೂಟ ಹೊಡೆಯುವುದು ಅದು ಹಾರಿಹೋಗದಿರಲಿ ಎಂದು. ಇನ್ನೊಂದು, ಗೂಟದ ಬಿಗಿತದಿಂದಲೇ ಎದ್ದು ನಿಲ್ಲುವಂಥದ್ದು; ಗೂಟ ಹೋದರೆ ಟೆಂಟೇ ಇಲ್ಲ. ನಮ್ಮ ನೆಲಕ್ಕೆ ಮೊದಲ ಜಾತಿಯೇ ಬೇಕು. ಇದು ನಾಲ್ಕು ಋತುಗಳಲ್ಲೂ ನನಗೆ ಸಾಬೀತಾಗಿರುವ ಮಾತು.

ಎಸೆದರೆ ಬಿಚ್ಚಿಕೊಳ್ಳುವುದು, ಕೊಡೆಯಂತೆ ತೆರೆಯುವುದು

ಮೊದಲಿನದು ಚಕ್ರದಂತೆ ಮಡಚಿರುವ, ಪಟ್ಟಿ ಬಿಚ್ಚಿ ಎಸೆದರೆ ಅರೆಕ್ಷಣದಲ್ಲಿ ಟೆಂಟ್ ಆಗುವ ಬಗೆ. ಮಕ್ಕಳಿಗೆ ಇದಕ್ಕಿಂತ ಖುಷಿ ಕೊಡುವ ಟೆಂಟ್ ಇನ್ನೊಂದಿಲ್ಲ, ನನ್ನ ಮಗಳು ಇಂದಿಗೂ ಅದನ್ನೇ ಕೇಳುತ್ತಾಳೆ. ಕತ್ತಲಾದ ಮೇಲೆ ಜಾಗ ಮುಟ್ಟಿದರೂ ಚಿಂತೆಯಿಲ್ಲ. ಮಡಚುವ ವಿಧಾನ ಕೈಗೆ ಹತ್ತಲು ಸ್ವಲ್ಪ ಅಭ್ಯಾಸ ಬೇಕು. ಮನೆಯ ಮಹಡಿಯ ಮೇಲೆ ಮಾಡಿ ನೋಡಿಕೊಂಡು ಹೊರಟರೆ ಸಾಕು. ಮಡಚಿದ ಚಕ್ರ ಮುಕ್ಕಾಲು ಮೀಟರಿನಷ್ಟು ಅಗಲವಿರುವುದರಿಂದ ಸಣ್ಣ ಕಾರಿನ ಡಿಕ್ಕಿಯಲ್ಲಿ ಅಡ್ಡ ಮಲಗುವುದಿಲ್ಲ, ಹಿಂದಿನ ಆಸನಕ್ಕೆ ಒರಗಿಸಿ ನಿಲ್ಲಿಸಬೇಕು.

ಅದರ ಸೋಲು ಗಾಳಿಯಲ್ಲಿ. ಒಳಗಿರುವ ಬಳೆ ಸುಲಭವಾಗಿ ಬಳುಕಬೇಕು, ಇಲ್ಲವಾದರೆ ಮಡಚಲು ಬರುವುದಿಲ್ಲ. ಬಳುಕುವ ಬಳೆ ಗಾಳಿಗೂ ಬಳುಕುತ್ತದೆ. ಹೊಸದುರ್ಗದ ತೋಟದಲ್ಲಿ ಆಷಾಢದ ಗಾಳಿ ಬೀಸುತ್ತಿದ್ದ ರಾತ್ರಿ ಟೆಂಟ್‌ನ ಒಂದು ಮಗ್ಗುಲು ಒಳಕ್ಕೆ ಬಾಗಿ ಮುಖಕ್ಕೆ ತಾಗುತ್ತಲೇ ಇತ್ತು. ಮುರಿಯಲಿಲ್ಲ, ಹರಿಯಲಿಲ್ಲ, ಆದರೆ ಯಾರಿಗೂ ನಿದ್ದೆ ಬರಲಿಲ್ಲ. ನವೆಂಬರಿನಿಂದ ಫೆಬ್ರವರಿವರೆಗಿನ ಶಾಂತ ರಾತ್ರಿಗಳಿಗೆ, ಇಬ್ಬರಿಗೆ, ಇದು ಒಳ್ಳೆಯ ಆಯ್ಕೆ.

ಎರಡನೆಯದು ಆನ್‌ಲೈನಿನಲ್ಲಿ ಎಲ್ಲೆಡೆ ಸಿಗುವ, ನೆತ್ತಿಯ ಹಗ್ಗ ಎಳೆದರೆ ಕೊಡೆಯಂತೆ ತೆರೆದುಕೊಳ್ಳುವ ಅಗ್ಗದ ಟೆಂಟ್. ಇದರ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ. ನೆತ್ತಿಯಲ್ಲಿರುವ ಪ್ಲಾಸ್ಟಿಕ್ ಕೀಲು ಇಡೀ ಟೆಂಟ್‌ನ ಭಾರ ಹೊರುತ್ತದೆ, ಅದು ಸೀಳಿದರೆ ರಿಪೇರಿ ಇಲ್ಲ. ಹೊರಹೊದಿಕೆ ಎಂದು ಕೊಡುವುದು ತಲೆಯ ಮೇಲಿನ ಸಣ್ಣ ಟೋಪಿ ಮಾತ್ರ. ಅಡ್ಡ ಹೊಡೆಯುವ ಮಳೆ ಕಿಟಕಿಯ ಜಿಪ್ಪಿನಿಂದ, ಹೊಲಿಗೆಯಿಂದ ಒಳಗೆ ಬರುತ್ತದೆ. ನಮಗೆ ಸಿಕ್ಕಿದ್ದರಲ್ಲಿ ಮೊದಲ ಮಳೆಗೇ ಹಾಸಿಗೆ ಒದ್ದೆಯಾಯಿತು. ಮಕ್ಕಳು ಹಗಲಿನಲ್ಲಿ ಆಟವಾಡಲು ಸರಿ. ಮಲಗಲು ಬೇಡ.

ಎದ್ದು ನಿಲ್ಲುವಂಥ ದೊಡ್ಡ ಟೆಂಟ್

ನಾನು ಅತ್ಯಂತ ಆಸೆಯಿಂದ ತಂದದ್ದು ಇದನ್ನು. ಆರು ಜನರ ಸುರಂಗದಾಕಾರದ ಟೆಂಟ್, ಸಾಲಾಗಿ ಮೂರು ಕಮಾನು, ಒಳಗೆ ಮಲಗುವ ಕೋಣೆ ಬೇರೆ, ಕೂರುವ ಜಾಗ ಬೇರೆ. ನೆಟ್ಟಗೆ ನಿಂತು ಬಟ್ಟೆ ಬದಲಿಸಬಹುದು. ಅಪ್ಪ ಬಗ್ಗದೆ ಒಳಗೆ ಹೋಗಬಹುದು, ಕುರ್ಚಿಯ ಮೇಲೆ ಕೂತು ಚಹಾ ಕುಡಿಯಬಹುದು. ಸೂಳೆಕೆರೆಯ ಹತ್ತಿರದ ಹೊಲದಲ್ಲಿ, ಮೆತ್ತನೆಯ ನೆಲದಲ್ಲಿ, ಡಿಸೆಂಬರಿನಲ್ಲಿ ಈ ಟೆಂಟ್ ಕೊಟ್ಟ ಸುಖವನ್ನು ಬೇರೆ ಯಾವುದೂ ಕೊಟ್ಟಿಲ್ಲ. ಹೊರಗೆ ಇಬ್ಬನಿ ಸುರಿಯುತ್ತಿದ್ದರೂ ನಾಲ್ವರೂ ಒಳಗೆ ಕೂತು ಮಂಡಕ್ಕಿ ಕಲಸಿಕೊಂಡು ತಿಂದೆವು.

ಇದೇ ಟೆಂಟನ್ನು ಚಿತ್ರದುರ್ಗದ ಜಮೀನಿಗೆ ಒಯ್ದಾಗ ಕಥೆ ಬೇರೆಯಾಯಿತು. ಸುರಂಗದ ಟೆಂಟ್ ಗೂಟದ ಬಿಗಿತದಿಂದಲೇ ನಿಲ್ಲುವ ಜಾತಿ. ಎರಡು ತುದಿಗಳನ್ನು ಎಳೆದು ಕಟ್ಟದಿದ್ದರೆ ಕಮಾನುಗಳು ಒಂದರ ಮೇಲೊಂದು ಒರಗಿ ಮಲಗುತ್ತವೆ. ಗರಸಿನಲ್ಲಿ ಹಾರೆ ಹಿಡಿದು ಕುಳಿ ತೆಗೆದು ಮುಂದಿನ ಗೂಟಗಳನ್ನು ಇಳಿಸಿದೆವು. ಹಿಂದಿನ ಮೂಲೆ ಬಂಡೆಯ ಮೇಲೆ ಬಂದಿತ್ತು, ಅಲ್ಲಿ ಕಲ್ಲು ಹೇರಿದೆವು. ಕತ್ತಲಾಗುವಷ್ಟರಲ್ಲಿ ಪಡುವಣ ಗಾಳಿ ಶುರುವಾಯಿತು. ಊರ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಗಾಳಿಯ ವೇಗ ಎರಡರಷ್ಟಾದರೆ ಅದು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಎರಡು ಮೀಟರ್ ಎತ್ತರದ, ಚಪ್ಪಟೆ ಗೋಡೆಯ ಟೆಂಟ್ ಅಷ್ಟನ್ನೂ ಎದೆಯೊಡ್ಡಿ ಪಡೆಯುತ್ತದೆ.

ಪಕ್ಕದ ಹೊಲದಲ್ಲಿ ಕುರಿ ತರುಬಿದ್ದ ಹಿರಿಯರೊಬ್ಬರು ಸಂಜೆಯೇ ಬಂದು ನೋಡಿ, "ಬಾಗಿಲನ್ನು ಮೂಡಣಕ್ಕೆ ತಿರುಗಿಸಿ, ಬೆನ್ನನ್ನು ಗಾಳಿಗೆ ಕೊಡಿ" ಎಂದಿದ್ದರು. ಅವರ ಮಾತು ಅಕ್ಷರಶಃ ಸರಿ. ಸುರಂಗದ ಟೆಂಟ್ ತನ್ನ ತುದಿಯನ್ನು ಗಾಳಿಗೆ ಕೊಟ್ಟಾಗ ಗಟ್ಟಿ, ಮಗ್ಗುಲನ್ನು ಕೊಟ್ಟಾಗ ದುರ್ಬಲ. ಹಾಗೆಯೇ ತಿರುಗಿಸಿ ಕಟ್ಟಿದ್ದೆವು. ನಡುರಾತ್ರಿಯವರೆಗೆ ನಿಂತಿತು. ಆಮೇಲೆ ಗಾಳಿ ದಿಕ್ಕು ಬದಲಿಸಿ ಮಗ್ಗುಲಿಗೆ ಬಂತು; ಕಲ್ಲು ಹೇರಿದ್ದ ಮೂಲೆ ಜಾರಿತು, ನಡುವಿನ ಕಮಾನಿನ ಫೈಬರ್‌ಗ್ಲಾಸ್ ಕೋಲು ಉದ್ದಕ್ಕೆ ಸೀಳಿತು. ಸೀಳಿದ ಫೈಬರ್‌ಗ್ಲಾಸ್‌ನ ಎಳೆಗಳು ಕೈಗೆ ಚುಚ್ಚುತ್ತವೆ, ಬಟ್ಟೆಯನ್ನೂ ಹರಿಯುತ್ತವೆ. ಟೆಂಟನ್ನು ನೆಲಕ್ಕೆ ಮಲಗಿಸಿ, ಮೇಲೆ ಸಾಮಾನು ಹೇರಿ, ಉಳಿದ ರಾತ್ರಿಯನ್ನು ಕಾರಿನೊಳಗೆ ಕಳೆದೆವು.

ಟೆಂಟ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ತೋಟದೊಳಗೆ, ಗಾಳಿಯ ಮರೆ ಇರುವ ಕಡೆ, ಎರಡು ರಾತ್ರಿ ಒಂದೇ ಜಾಗದಲ್ಲಿ ಇರುವುದಾದರೆ ಇಂದಿಗೂ ಇದನ್ನೇ ಒಯ್ಯುತ್ತೇನೆ. ಒಂದು ರಾತ್ರಿಗಾದರೆ ಹಾಕುವುದಕ್ಕೆ ಮುಕ್ಕಾಲು ಗಂಟೆ, ಬಿಚ್ಚುವುದಕ್ಕೆ ಅರ್ಧ ಗಂಟೆ ಕೊಡುವುದು ಹೆಚ್ಚಾಯಿತು.

ಛಾವಣಿಯ ಮೇಲಿನ ಟೆಂಟ್

ವಾಹನದ ನೆತ್ತಿಯ ಮೇಲೆ ಕೂರಿಸುವ ಟೆಂಟ್ ಈಗ ಎಲ್ಲರ ಕಣ್ಣಿಗೆ ಬಿದ್ದಿದೆ. ಹೆದ್ದಾರಿಯಲ್ಲಿ ಬೆಂಗಳೂರಿನಿಂದ ಗೋವಾದ ಕಡೆಗೆ ಹೋಗುವ ಜೀಪುಗಳ ಮೇಲೆ ಅವನ್ನು ನೋಡಿ ಜನ ನನ್ನನ್ನು ಕೇಳುವುದೂ ಹೆಚ್ಚು ಇದರ ಬಗ್ಗೆಯೇ. ಗೆಳೆಯನ ಜೀಪಿನ ಮೇಲೆ ಒಂದಿದೆ. ಅವನ ಕುಟುಂಬದೊಂದಿಗೆ ಹೋದಾಗ ನಾವೂ ಅದರಲ್ಲಿ ಮಲಗಿದ್ದೇವೆ.

ನೆಲದ ಸಮಸ್ಯೆಯನ್ನು ಇದು ಒಂದೇ ಏಟಿಗೆ ಮುಗಿಸುತ್ತದೆ. ಗೂಟವಿಲ್ಲ, ಕಲ್ಲು ಆರಿಸುವುದಿಲ್ಲ, ಮುಳ್ಳಿಲ್ಲ, ಚೇಳಿನ ಭಯವಿಲ್ಲ. ಬಿಚ್ಚಿದರೆ ಒಳಗೆ ದಪ್ಪ ಹಾಸಿಗೆ ಸಿದ್ಧವಾಗಿರುತ್ತದೆ. ಎತ್ತರದಲ್ಲಿರುವುದರಿಂದ ಬೇಸಿಗೆಯ ರಾತ್ರಿ ನಾಲ್ಕೂ ಕಿಟಕಿ ತೆರೆದರೆ ಹಾಯಾಗಿ ಗಾಳಿ ಆಡುತ್ತದೆ. ಒಬ್ಬರೇ ಸುತ್ತುವವರಿಗೆ, ದಿನಕ್ಕೊಂದು ಊರಿನಲ್ಲಿ ತಂಗುತ್ತ ವಾರಗಟ್ಟಲೆ ಹೋಗುವ ದಂಪತಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ವಾರಾಂತ್ಯಕ್ಕೆ ಹೋಗುವ ಕುಟುಂಬಕ್ಕೆ ಇದು ಹೊಂದುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕಾರಣಗಳಲ್ಲಿ ಬೆಲೆ ಕೊನೆಯದು. ಮೊದಲನೆಯದು ಕಾರು ಕಟ್ಟಿಹೋಗುವುದು. ಟೆಂಟ್ ಬಿಚ್ಚಿದ ಮೇಲೆ ಹಾಲು ತರಲು ಊರಿಗೆ ಹೋಗಬೇಕೆಂದರೂ ಎಲ್ಲವನ್ನೂ ಮಡಚಬೇಕು. ನಡುರಾತ್ರಿ ಮಗುವಿಗೆ ಜ್ವರ ಬಂದರೆ, ಯಾರಿಗಾದರೂ ಏನಾದರೂ ಕಚ್ಚಿದರೆ, ಕಾರು ಕೂಡಲೇ ಹೊರಡುವ ಸ್ಥಿತಿಯಲ್ಲಿ ಇರಬೇಕು. ನನಗೆ ಇದು ದೊಡ್ಡ ವಿಷಯ. ಎರಡನೆಯದು ಏಣಿ. ಅಪ್ಪನಿಗೆ ಮೊಣಕಾಲು ನೋವಿದೆ. ಮಗಳಿಗೆ ಕತ್ತಲಲ್ಲಿ ಏಣಿ ಇಳಿದು ಮೂತ್ರಕ್ಕೆ ಹೋಗುವುದೆಂದರೆ ಹೆದರಿಕೆ. ಮೂರನೆಯದು ಭಾರ. ಇಂಥ ಟೆಂಟ್‌ಗಳು ಹೆಚ್ಚಾಗಿ ಐವತ್ತರಿಂದ ಎಪ್ಪತ್ತು ಕಿಲೋ ತೂಗುತ್ತವೆ. ಓಡುವಾಗ ಛಾವಣಿ ಎಷ್ಟು ಹೊರಬಹುದು ಎಂಬುದನ್ನು ವಾಹನದ ಕೈಪಿಡಿಯಲ್ಲಿ ಕೊಟ್ಟಿರುತ್ತಾರೆ. ನಿಂತಾಗ ಹೊರುವ ಭಾರ ಅದಕ್ಕಿಂತ ಬಹಳ ಹೆಚ್ಚು, ಹಾಗಾಗಿ ಮೂವರು ಮಲಗಿದರೂ ತೊಂದರೆಯಿಲ್ಲ. ನೋಡಬೇಕಾದದ್ದು ಓಡುವಾಗಿನ ಅಂಕಿಯನ್ನು, ಅದರಲ್ಲೂ ಅಡ್ಡಕಂಬಿಗಳ ತೂಕವನ್ನೂ ಸೇರಿಸಿ. ಎಷ್ಟೋ ಕುಟುಂಬದ ಕಾರುಗಳು ಅಲ್ಲೇ ಅನುತ್ತೀರ್ಣವಾಗುತ್ತವೆ. ನೆತ್ತಿಯ ಮೇಲೆ ಅಷ್ಟು ಭಾರವಿದ್ದಾಗ ತಿರುವಿನಲ್ಲಿ ಗಾಡಿ ವಾಲುವುದು ಗೊತ್ತಾಗುತ್ತದೆ, ಇಂಧನವೂ ಹೆಚ್ಚು ಹೋಗುತ್ತದೆ. ಇಳಿಸಲು ಇಬ್ಬರು ಮೂವರು ಬೇಕಾದ್ದರಿಂದ ಗೆಳೆಯನ ಜೀಪು ವಾರಪೂರ್ತಿ ಅದನ್ನು ಹೊತ್ತೇ ಓಡಾಡುತ್ತದೆ.

ಗಾಳಿಯ ಲೆಕ್ಕವೂ ಇದೆ. ನೆಲದ ಮಟ್ಟಕ್ಕಿಂತ ಎರಡು ಮೀಟರ್ ಮೇಲೆ ಗಾಳಿ ಜೋರು. ಟೆಂಟ್ ಬೀಳುವುದಿಲ್ಲ, ಅದು ಗಟ್ಟಿಯಾಗಿಯೇ ಕೂತಿರುತ್ತದೆ. ಆದರೆ ಬಟ್ಟೆ ಪಟಪಟ ಬಡಿಯುವ ಸದ್ದು ಮತ್ತು ಗಾಡಿಯ ಸ್ಪ್ರಿಂಗಿನ ತೂಗಾಟ ರಾತ್ರಿಯಿಡೀ ಇರುತ್ತದೆ. ಒಬ್ಬರು ಮಗ್ಗುಲು ಬದಲಿಸಿದರೆ ಎಲ್ಲರಿಗೂ ತಿಳಿಯುತ್ತದೆ. ಜಾಗ ಇಳಿಜಾರಾಗಿದ್ದರೆ ಚಕ್ರದಡಿ ಚಪ್ಪಡಿ ಇಟ್ಟು ಗಾಡಿಯನ್ನೇ ಸಮ ಮಾಡಬೇಕು, ಇಲ್ಲವಾದರೆ ಎಲ್ಲರೂ ಒಂದೇ ಕಡೆ ಜಾರುತ್ತಾರೆ.

ಗುಮ್ಮಟ

ಕೊನೆಗೆ ನಮ್ಮ ಮನೆಯಲ್ಲಿ ಉಳಿದದ್ದು, ಎಲ್ಲಕ್ಕಿಂತ ಹೆಚ್ಚು ಬಳಕೆಯಾದದ್ದು, ಗುಮ್ಮಟದಾಕಾರದ ನಾಲ್ಕು ಜನರ ಟೆಂಟ್. ಎರಡು ಕೋಲುಗಳು ನೆತ್ತಿಯಲ್ಲಿ ಅಡ್ಡಹಾಯುತ್ತವೆ, ಬಾಗಿಲ ಮುಂದಿನ ಚಾಚಿಗೆ ಇನ್ನೊಂದು ಸಣ್ಣ ಕೋಲು. ನೋಡಲು ಸಾಮಾನ್ಯ. ಅಂಗಡಿಯಲ್ಲಿ ಹತ್ತು ಟೆಂಟ್‌ಗಳ ನಡುವೆ ಕಣ್ಣು ಅದರ ಮೇಲೆ ನಿಲ್ಲುವುದೇ ಇಲ್ಲ.

ಅದರ ಗುಣ ಬಂಡೆಯ ಮೇಲೆ ತಿಳಿಯುತ್ತದೆ. ಕೋಲು ಸಿಕ್ಕಿಸಿದರೆ ನಿಂತಿತು. ಜಾಗ ಸರಿಬರದಿದ್ದರೆ ಇಬ್ಬರು ಎತ್ತಿ ಆಚೆ ಇಡಬಹುದು. ಗೂಟ ಇಳಿಯದ ಕಡೆ ನಾವು ಖಾಲಿ ಅಕ್ಕಿ ಚೀಲಗಳನ್ನು ಒಯ್ಯುತ್ತೇವೆ. ಅವಕ್ಕೆ ಕಲ್ಲು ಮಣ್ಣು ತುಂಬಿ, ಬಾಯಿ ಬಿಗಿದು, ಟೆಂಟ್‌ನ ಹಗ್ಗಗಳನ್ನು ಚೀಲಕ್ಕೆ ಕಟ್ಟುತ್ತೇವೆ. ಬರಿಯ ಕಲ್ಲಿಗೆ ಕಟ್ಟಿದರೆ ಹಗ್ಗ ಉಜ್ಜಿ ಹರಿಯುತ್ತದೆ, ಚೀಲ ಹಾಗೆ ಮಾಡುವುದಿಲ್ಲ. ಗಾಳಿ ಬರುವ ದಿಕ್ಕಿಗೆ ಕಾರನ್ನು ಅಡ್ಡ ನಿಲ್ಲಿಸಿ, ಎರಡು ಹಗ್ಗಗಳನ್ನು ಕಾರಿನ ಛಾವಣಿಯ ಕಂಬಿಗೆ ಬಿಗಿಯುತ್ತೇವೆ. ವಾಹನದಲ್ಲಿ ಹೋಗುವವರಿಗೆ ಇರುವ ದೊಡ್ಡ ಅನುಕೂಲವೇ ಇದು: ಸಾವಿರ ಕಿಲೋಗಿಂತ ಹೆಚ್ಚು ಭಾರದ ಗೂಟ, ಜೊತೆಗೆ ಗಾಳಿಗೊಂದು ಗೋಡೆ. ಹಗ್ಗ ಕಟ್ಟಿದ ಕೂಡಲೇ ಕೀಲಿಗೊಂಚಲಿಗೆ ಒಂದು ಕೆಂಪು ಬಟ್ಟೆ ಕಟ್ಟಿಡಿ. ಹಗ್ಗ ಬಿಚ್ಚದೆ ಕಾರು ಚಾಲೂ ಮಾಡಬಾರದೆಂಬ ನೆನಪಿಗೆ.

ಸುರಂಗದ ಟೆಂಟನ್ನು ಸೋಲಿಸಿದ್ದ ಅದೇ ಜಮೀನಿನಲ್ಲಿ, ಅದೇ ಆಷಾಢದ ಗಾಳಿಯಲ್ಲಿ ಈ ಗುಮ್ಮಟ ಬೆಳಗಿನವರೆಗೆ ನಿಂತಿತು. ಎತ್ತರ ಒಂದೂಕಾಲು ಮೀಟರಿನಷ್ಟೇ. ದುಂಡನೆಯ ಮೈ ಮೇಲಿನಿಂದ ಗಾಳಿ ಜಾರಿಹೋಗುತ್ತದೆ, ಯಾವ ದಿಕ್ಕಿನಿಂದ ಬಂದರೂ ಅದಕ್ಕೆ ಹೆಚ್ಚು ವ್ಯತ್ಯಾಸವಿಲ್ಲ. ಕೋಲುಗಳು ಅಲ್ಯೂಮಿನಿಯಂ. ಅತಿಯಾದ ಗಾಳಿಗೆ ಅಲ್ಯೂಮಿನಿಯಂ ಬಾಗಬಹುದು, ಫೈಬರ್‌ಗ್ಲಾಸ್‌ನಂತೆ ಸಿಗಿಯುವುದಿಲ್ಲ. ಬಾಗಿದ ತುಂಡಿಗೆ ಕೊಳವೆ ತೊಡಿಸಿ ಅಂದಿನ ರಾತ್ರಿ ಕಳೆಯಬಹುದು. ಬೆಲೆ ಸ್ವಲ್ಪ ಹೆಚ್ಚಾದರೂ ಇಲ್ಲಿ ಹಣ ಉಳಿಸಬೇಡಿ.

ಮಳೆಯ ವಿಷಯಕ್ಕೆ ಬರುತ್ತೇನೆ. ಪಟ್ಟಿಯಲ್ಲಿ 2000 ಮಿಲಿಮೀಟರ್ ಎಂದು ಬರೆದಿದ್ದರೆ ಅದರ ಅರ್ಥ ಇಷ್ಟು: ಬಟ್ಟೆಯ ಮೇಲೆ ಎರಡು ಮೀಟರ್ ಎತ್ತರದ ನೀರಿನ ಕಂಬ ನಿಲ್ಲಿಸಿದರೂ ಅದು ಒಸರುವುದಿಲ್ಲ. ನಮ್ಮ ಮಳೆಗೆ ಅಷ್ಟು ಧಾರಾಳವಾಗಿ ಸಾಕು. ತಳಹಾಸಿಗೆ ಮಾತ್ರ ಇನ್ನೂ ಹೆಚ್ಚಿರಲಿ, ಮೊಣಕಾಲೂರಿದಾಗ ಅಲ್ಲಿ ಒತ್ತಡ ಜಾಸ್ತಿ. ಬಯಲುಸೀಮೆಯ ಮಳೆ ದಿನವಿಡೀ ಜಿನುಗುವುದು ಕಡಿಮೆ. ಏಪ್ರಿಲ್ ಮೇ ತಿಂಗಳ ಅಡ್ಡಮಳೆಯಾಗಲಿ, ಹಸ್ತ ಚಿತ್ತೆಯ ಮಳೆಯಾಗಲಿ, ಗಾಳಿಯ ಜೊತೆ ಓರೆಯಾಗಿ ಹೊಡೆದು ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ನೀರು ಬಟ್ಟೆಯನ್ನು ತೂರಿ ಬರುವುದಿಲ್ಲ, ಹೊದಿಕೆಯ ಕೆಳಗಿನಿಂದ ನುಗ್ಗಿ ಬರುತ್ತದೆ. ಆದ್ದರಿಂದ ನಾನು ನೋಡುವುದು ಸಂಖ್ಯೆಯನ್ನಲ್ಲ, ಹೊರಹೊದಿಕೆ ನೆಲದ ಹತ್ತಿರದವರೆಗೆ ಇಳಿಯುತ್ತದೆಯೇ ಎಂಬುದನ್ನು. ಹೊಲಿಗೆಗಳ ಮೇಲೆ ಒಳಗಿನಿಂದ ಪಟ್ಟಿ ಅಂಟಿಸಿದ್ದಾರೆಯೇ ಎಂಬುದನ್ನು. ಬಟ್ಟೆ ಪಾಲಿಯೆಸ್ಟರ್ ಆಗಿರಲಿ. ನೈಲಾನ್ ಹಗುರ, ಗಟ್ಟಿ, ಆದರೆ ಒದ್ದೆಯಾದರೆ ಜೋತುಬೀಳುತ್ತದೆ, ನಮ್ಮ ಬಿಸಿಲನ್ನೂ ಅಷ್ಟಾಗಿ ತಾಳುವುದಿಲ್ಲ.

ಚಳಿಗಾಲದ ಒದ್ದೆ ಇನ್ನೊಂದು ಬಗೆಯದು. ಸೂಳೆಕೆರೆಯ ಸುತ್ತ, ಭದ್ರಾ ಕಾಲುವೆಯ ಭತ್ತದ ಗದ್ದೆಗಳ ನಡುವೆ ಬೆಳಗಿನ ಜಾವ ಏಳುವಾಗ ಟೆಂಟ್‌ನ ಒಳಮೈಯಿಂದ ಹನಿ ತೊಟ್ಟಿಕ್ಕುತ್ತದೆ. ಟೆಂಟ್ ಸೋರುತ್ತಿದೆ ಎಂದು ಅನೇಕರು ಅಂಗಡಿಗೆ ಮರಳಿಸುತ್ತಾರೆ. ಅದು ನಮ್ಮದೇ ಉಸಿರಿನ ತೇವ, ತಣ್ಣನೆಯ ಬಟ್ಟೆಗೆ ತಾಗಿ ನೀರಾದದ್ದು. ಒಳಗೆ ಜಾಲರಿ, ಹೊರಗೆ ಹೊದಿಕೆ, ನಡುವೆ ಗಾಳಿಯಾಡುವ ಸಂದಿ ಇರುವ ಎರಡು ಪದರದ ಟೆಂಟ್‌ನಲ್ಲಿ ಹನಿ ಹೊರಹೊದಿಕೆಯ ಮೇಲೇ ಉಳಿಯುತ್ತದೆ, ಹಾಸಿಗೆಗೆ ಬರುವುದಿಲ್ಲ. ಚಳಿಯೆಂದು ಎಲ್ಲ ಕಿಂಡಿಗಳನ್ನು ಮುಚ್ಚಬೇಡಿ. ಬೆಚ್ಚಗಿರಲು ಬೇಕಾದದ್ದು ಕೆಳಗೆ: ಹಾಸಿಗೆಯ ಅಡಿಗೆ ಚಳ್ಳಕೆರೆಯ ಕಂಬಳಿ ಹಾಸಿ. ಒಳ್ಳೆಯ ಉಣ್ಣೆ ಸ್ವಲ್ಪ ತೇವವಾದರೂ ಬಿಸುಪು ಕಳೆದುಕೊಳ್ಳುವುದಿಲ್ಲ. ಈ ಸೀಮೆಯ ಕುರಿಗಾಹಿಗಳು ತಲೆತಲಾಂತರದಿಂದ ಬಯಲಿನಲ್ಲಿ ಮಲಗುವುದು ಅದನ್ನೇ ನಂಬಿ.

ಸೆಖೆಯ ಲೆಕ್ಕ ಬೇಗ ಮುಗಿಯುತ್ತದೆ. ಮಾರ್ಚ್ ನಂತರ ಯಾವ ಟೆಂಟ್ ಆದರೂ ಬೆಳಿಗ್ಗೆ ಏಳೂವರೆಗೆ ಒಲೆಯೇ. ಬೆಳಕು ತಡೆಯುವ ಕಪ್ಪು ಒಳಪದರದ ಬಟ್ಟೆ ಒಂದು ಗಂಟೆ ಹೆಚ್ಚಿಗೆ ನಿದ್ದೆ ಕೊಡುತ್ತದೆ. ಮರವನ್ನೋ ಕಾರನ್ನೋ ಮೂಡಣಕ್ಕೆ ಇಟ್ಟುಕೊಂಡರೆ ಖರ್ಚಿಲ್ಲದೆ ಅಷ್ಟೇ ಲಾಭ.

ಎಷ್ಟು ಜನರ ಟೆಂಟ್ ಎಂಬ ಲೆಕ್ಕವನ್ನು ತಯಾರಕರು ಭುಜಕ್ಕೆ ಭುಜ ತಾಗಿಸಿ ಹಾಕಿರುತ್ತಾರೆ, ಒಬ್ಬರಿಗೆ ಎರಡು ಅಡಿ ಅಗಲ. ಮೂವರಿಗೆ ನಾಲ್ವರ ಟೆಂಟ್ ಬೇಕು, ನಾಲ್ವರಿಗೆ ಆರು ಜನರದ್ದಲ್ಲ, ಎರಡು ಸಣ್ಣ ಟೆಂಟ್‌ಗಳು ಒಳ್ಳೆಯದು.

ಬೆಲೆಯ ಅಂದಾಜು: ಕೊಡೆ ಮಾದರಿ ಎರಡರಿಂದ ನಾಲ್ಕು ಸಾವಿರ; ನಂಬಬಹುದಾದ ಗುಮ್ಮಟ ಆರರಿಂದ ಹದಿನೈದು ಸಾವಿರ, ಕೋಲು ಯಾವುದು ಎಂಬುದರ ಮೇಲೆ; ಎದ್ದು ನಿಲ್ಲುವ ದೊಡ್ಡದು ಅದಕ್ಕೂ ಮೇಲೆ; ಛಾವಣಿಯದು ಲಕ್ಷದ ಆಸುಪಾಸು. ಗುಮ್ಮಟದಲ್ಲಿ ಉಳಿದ ಹಣಕ್ಕೆ ಹನ್ನೆರಡು ಅಂಗುಲದ ಕಬ್ಬಿಣದ ಗೂಟಗಳು, ಒಂದು ಸುತ್ತಿಗೆ, ಒಂದು ಸಣ್ಣ ಹಾರೆ, ಒಳ್ಳೆಯ ದಪ್ಪದ ತಾಡಪಾಲು ಕೊಳ್ಳಿ. ಗೂಟದ ತಲೆ ಟೆಂಟ್‌ನಿಂದ ಆಚೆ ವಾಲಿರುವಂತೆ ಓರೆಯಾಗಿ ಹೊಡೆಯಬೇಕು. ನೆಟ್ಟಗೆ ಹೊಡೆದ ಗೂಟ ಬೇಗ ಕಿತ್ತು ಬರುತ್ತದೆ.

ತಾಡಪಾಲು ಅಪ್ಪನಿಗಾಗಿ. ಗುಮ್ಮಟದ ಒಂದೇ ಕೊರತೆ ಅದರ ಗಿಡ್ಡ ಬಾಗಿಲು. ಮೊಣಕಾಲು ನೋವಿರುವವರು ತೆವಳಿ ಒಳಗೆ ಹೋಗಲಾರರು. ಈಗ ನಾವು ಕಾರಿನ ಹಿಂದಿನ ಎರಡು ಸಾಲು ಆಸನಗಳನ್ನು ಮಡಚಿ ಅಲ್ಲಿ ಅಪ್ಪನಿಗೆ ಹಾಸಿಗೆ ಮಾಡುತ್ತೇವೆ. ಎತ್ತಿದ ಹಿಂಬಾಗಿಲಿಗೆ ತಾಡಪಾಲಿನ ಒಂದು ಅಂಚು ಕಟ್ಟಿ, ಇನ್ನೊಂದು ಅಂಚನ್ನು ಎರಡು ಬಿದಿರಿನ ಗಳಗಳ ಮೇಲೆ ನಿಲ್ಲಿಸಿದರೆ ಕಾರಿಗೂ ಟೆಂಟ್‌ಗೂ ನಡುವೆ ಚಪ್ಪರವಾಗುತ್ತದೆ. ಅಡುಗೆ ಅಲ್ಲಿ, ಊಟ ಅಲ್ಲಿ, ಮಾತು ಅಲ್ಲಿ. ದೊಡ್ಡ ಟೆಂಟ್ ಕೊಡುತ್ತಿದ್ದ ಕೂರುವ ಜಾಗ ಹೀಗೆ ಮರಳಿ ಬಂತು, ಗಾಳಿ ಎದ್ದರೆ ತಾಡಪಾಲನ್ನು ಮಾತ್ರ ಇಳಿಸಿದರಾಯಿತು. ಒಲೆಯನ್ನು ಟೆಂಟ್‌ನೊಳಗೆ ಹಚ್ಚಬಾರದು, ಕಾರಿನ ಎಂಜಿನ್ ಚಾಲೂ ಇಟ್ಟು ಮಲಗಬಾರದು. ವಿಷಾನಿಲಕ್ಕೆ ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವಾಗುವುದಿಲ್ಲ. ಸಿಡಿಲು ಗುಡುಗು ಶುರುವಾದರೆ ಟೆಂಟ್ ಯಾವುದೇ ಆಗಿರಲಿ, ಎಲ್ಲರೂ ಕಾರಿನೊಳಗೆ ಹೋಗಿ ಗಾಜು ಏರಿಸಿಕೊಳ್ಳಬೇಕು. ಲೋಹದ ಮೈಯ ಕಾರು ಸಿಡಿಲನ್ನು ಹೊರಗಿನಿಂದಲೇ ನೆಲಕ್ಕೆ ಹಾಯಿಸುತ್ತದೆ, ಟೆಂಟ್ ಏನನ್ನೂ ತಡೆಯುವುದಿಲ್ಲ. ಅಪ್ಪನ ಹಾಸಿಗೆ ಇದ್ದರೂ ಮುಂದಿನ ಆಸನಗಳಲ್ಲಿ, ಹಾಸಿಗೆಯ ಅಂಚಿನಲ್ಲಿ ನಾವೂ ಸೇರಿಕೊಳ್ಳುವಷ್ಟು ಜಾಗವನ್ನು ಯಾವಾಗಲೂ ಉಳಿಸಿಕೊಂಡಿರುತ್ತೇವೆ.

ಭಾನುವಾರ ಸಂಜೆ ಮನೆಗೆ ಬಂದ ಮೇಲೆ ಒಂದು ಕೆಲಸ ಬಾಕಿ. ಒದ್ದೆ ಟೆಂಟ್ ಚೀಲದಲ್ಲಿ ವಾರ ಕಳೆದರೆ ಬೂಷ್ಟು ಹಿಡಿಯುತ್ತದೆ. ಹೀಗೆ ಮತ್ತೆ ಮತ್ತೆ ಆದರೆ ಒಳಗಿನ ನೀರು ತಡೆಯುವ ಲೇಪ ಅಂಟಂಟಾಗಿ, ಹುಳಿ ವಾಸನೆ ಬಂದು, ಪದರ ಕಳಚುತ್ತದೆ. ಆ ಮೇಲೆ ಯಾವ ಸಂಖ್ಯೆ ಬರೆದಿದ್ದರೂ ಉಪಯೋಗವಿಲ್ಲ. ಮಹಡಿಯ ನೆರಳಿನಲ್ಲಿ ಹಗ್ಗಕ್ಕೆ ಹಾಕಿ ಪೂರ್ತಿ ಒಣಗಿಸಿ, ಮೂಲೆಯ ಮಣ್ಣು ಕೊಡವಿ, ಗೂಟಗಳನ್ನು ಎಣಿಸಿ ಚೀಲಕ್ಕೆ ಹಾಕಿ. ಕೊಳ್ಳುವ ಮುನ್ನ ಯಾರಿಂದಲಾದರೂ ಪಡೆದು ಒಂದು ರಾತ್ರಿ ಮಲಗಿ ನೋಡುವ ಅವಕಾಶವಿದ್ದರೆ ಆಷಾಢದಲ್ಲಿ ಮಲಗಿ ನೋಡಿ. ಡಿಸೆಂಬರಿನಲ್ಲಿ ಎಲ್ಲ ಟೆಂಟ್‌ಗಳೂ ಒಳ್ಳೆಯವೇ.